ಕ್ಯಾನ್ಸಲ್ ಅಂದರೆ ಯಾವ ಕ್ಯಾನ್ಸಲ್?

ಪ್ರಶ್ನೆ: ಸರ್, ವರ್ಚುವಲ್ ಮಷೀನ್‌ಗಳ ಡಿಸ್ಕ್ ಇಮೇಜ್‌ಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ನಕಲು ಮಾಡುವ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಒಂದು ನಮ್ಮಲ್ಲಿದೆ. ಸಿ ಭಾಷೆಯಲ್ಲಿದೆ, ಹನ್ನೊಂದು ವರ್ಷ ಹಳೆಯ ಕೋಡ್. ಬರೆದವರು ಯಾರೂ ಈಗ ಇಲ್ಲ. ಒಂದೊಂದು ಜಾಬ್‌ಗೂ, ಅಂದರೆ ಒಂದೊಂದು ನಕಲಿನ ಕೆಲಸಕ್ಕೂ, ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ಬೇರೆಯಾಗಿ ಓಡುವ ಎಳೆ). ಜಾಬ್‌ನ ಸ್ಟ್ರಕ್ಚರ್‌ನಲ್ಲಿ 'ಕ್ಯಾನ್ಸಲ್ಡ್' ಅಂತ ಒಂದು ವೊಲಟೈಲ್ ಫ್ಲ್ಯಾಗ್ (ಹೌದು-ಇಲ್ಲ ಗುರುತು) ಇದೆ. ಅದನ್ನು 63 ಕಡೆ ಓದುತ್ತೇವೆ, 9 ಕಡೆ ಬರೆಯುತ್ತೇವೆ. ತೊಂದರೆ ಮೂರು. ಕ್ಯಾನ್ಸಲ್ ಒತ್ತಿದರೆ ಕೆಲವೊಮ್ಮೆ ತಕ್ಷಣ ನಿಲ್ಲುತ್ತದೆ, ಕೆಲವೊಮ್ಮೆ ಒಂದು ನಿಮಿಷ ಬೇಕು, ಕೆಲವೊಮ್ಮೆ ಎರಡು ನಿಮಿಷಕ್ಕೂ ಜಾಸ್ತಿ. ಅಪರೂಪಕ್ಕೆ, ಕ್ಯಾನ್ಸಲ್ ಆದ ಸ್ವಲ್ಪ ಹೊತ್ತಿಗೆ ಡೀಮನ್ನೇ ಕ್ರ್ಯಾಶ್ ಆಗುತ್ತದೆ. ಇನ್ನೊಂದು ವಿಚಿತ್ರ: 'ಕ್ಯಾನ್ಸಲ್ ಆಯಿತು' ಎಂದು ತೋರಿಸಿದ ಜಾಬ್‌ನ ನಕಲು ಕೆಲವು ಸಲ ಪೂರ್ತಿ ಸರಿಯಾಗಿರುತ್ತದೆ, ಕೆಲವು ಸಲ ಅರ್ಧಂಬರ್ಧ. ರಿಫ್ಯಾಕ್ಟರ್ ಮಾಡಲು, ಅಂದರೆ ಕೋಡನ್ನು ಒಳಗಿನಿಂದ ಚೊಕ್ಕ ಮಾಡಲು, ಎರಡು ವಾರ ಕೊಟ್ಟಿದ್ದಾರೆ. ಪೂರ್ತಿ ಹೊಸದಾಗಿ ಬರೆಯಲೇ? ಥ್ರೆಡ್ಡನ್ನು ಹೊರಗಿನಿಂದ ನಿಲ್ಲಿಸುವ 'ಪಿಥ್ರೆಡ್ ಕ್ಯಾನ್ಸಲ್' ಬಳಸಲೇ?

ಉತ್ತರ: ಎರಡೂ ಬೇಡ.

ಹನ್ನೊಂದು ವರ್ಷದ ಕೋಡ್‌ನಲ್ಲಿ ಪೆದ್ದಾಗಿ ಕಾಣುವ ಸಾಲುಗಳಲ್ಲಿ ಅರ್ಧದಷ್ಟು ಯಾರೋ ರಾತ್ರಿ ನಿದ್ದೆಗೆಟ್ಟು ಸೇರಿಸಿದವು. ಯಾಕೆ ಸೇರಿಸಿದರು ಅಂತ ಹೇಳಲು ಅವರು ಈಗ ಇಲ್ಲ. ಹೊಸದಾಗಿ ಬರೆದರೆ ಆ ಪಾಠಗಳನ್ನೆಲ್ಲ ನೀವು ಮತ್ತೆ ಮೊದಲಿನಿಂದ ಕಲಿಯಬೇಕು. ಎರಡು ವಾರದಲ್ಲಿ ಆಗುವ ಮಾತಲ್ಲ. ಪಿಥ್ರೆಡ್ ಕ್ಯಾನ್ಸಲ್ ಯಾಕೆ ಬೇಡ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಮೂರು ತೊಂದರೆಗಳಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕು? ಎಲ್ಲರೂ ಕ್ರ್ಯಾಶ್‌ನಿಂದ ಶುರು ಮಾಡುತ್ತಾರೆ, ಅದರ ಸದ್ದು ಜೋರು ಅಲ್ವಾ. ನಾನು ಮೂರನೆಯದರಿಂದ ಶುರು ಮಾಡುತ್ತೇನೆ. ಕ್ಯಾನ್ಸಲ್ ಆದ ನಕಲು ಒಮ್ಮೆ ಸರಿ, ಒಮ್ಮೆ ಅರ್ಧಂಬರ್ಧ ಅಂದರೆ ನಿಮ್ಮ ಒಂದೇ ಫ್ಲ್ಯಾಗ್ ಒಂದಕ್ಕಿಂತ ಜಾಸ್ತಿ ಅರ್ಥ ಹೊತ್ತುಕೊಂಡಿದೆ. ಅದನ್ನು ಬಿಡಿಸದೆ ಉಳಿದ ಎರಡನ್ನು ಸರಿ ಮಾಡಲು ಹೋದರೆ, ಒಂದು ಕಡೆ ಹೊಲಿದಂತೆ ಇನ್ನೊಂದು ಕಡೆ ಹರಿಯುತ್ತದೆ.

ಹೋಟೆಲ್‌ನಲ್ಲಿ ಎರಡು ಮಸಾಲೆ ದೋಸೆ ಹೇಳಿ, ಐದು ನಿಮಿಷ ಬಿಟ್ಟು 'ಬೇಡಪ್ಪ, ಬಸ್ಸಿಗೆ ಹೊತ್ತಾಯ್ತು' ಅಂತ ಸಪ್ಲೈಯರ್‌ಗೆ ಹೇಳಿದಿರಿ ಅಂತಿಟ್ಟುಕೊಳ್ಳಿ. ನೀವು ಹೇಳಿದ್ದು ಒಂದು ಸಂಗತಿ. ಅದು ಒಳಗೆ ಭಟ್ಟರ ಕಿವಿಗೆ ಬಿದ್ದದ್ದು ಇನ್ನೊಂದು. ಕಾವಲಿ ಖಾಲಿಯಾದದ್ದು ಮೂರನೆಯದು. ಈ ಮೂರರ ನಡುವೆ ಹೊತ್ತು ಸರಿಯುತ್ತದೆ. ಇಷ್ಟೇ ಅಲ್ಲ. 'ಹುಯ್ದದ್ದು ಆಗಲಿ, ಇನ್ನೊಂದು ಬೇಡ' ಅನ್ನುವುದೂ ಕ್ಯಾನ್ಸಲ್ಲೇ. 'ಹುಯ್ದದ್ದನ್ನೂ ಎತ್ತಿ ಬಿಸಾಕಿ' ಅನ್ನುವುದೂ ಕ್ಯಾನ್ಸಲ್ಲೇ. ಸಪ್ಲೈಯರ್ ಒಳಗೆ ಹೋಗಿ 'ನಾಲ್ಕನೇ ಟೇಬಲ್ ಕ್ಯಾನ್ಸಲ್' ಅಂತ ಮಾತ್ರ ಕೂಗಿದರೆ ಭಟ್ಟರು ಏನು ಮಾಡಬೇಕು? ನಿಮ್ಮ ಫ್ಲ್ಯಾಗ್ ಮಾಡುತ್ತಿರುವುದು ಅದನ್ನೇ, ಬರೀ 'ಕ್ಯಾನ್ಸಲ್' ಅಂತ ಕೂಗುತ್ತಿದೆ.

ಈ ಕಷ್ಟ ನಿಮಗೊಬ್ಬರಿಗೇ ಬಂದದ್ದಲ್ಲ. ನಿಮ್ಮ ಕೆಲಸಕ್ಕೆ ತೀರಾ ಹತ್ತಿರದ ಉದಾಹರಣೆ ವರ್ಚುವಲ್ ಮಷೀನ್ ಓಡಿಸುವ ತಂತ್ರಾಂಶ ಕ್ಯೂಎಮುವಿನಲ್ಲಿದೆ. (ಮುಂದೆ ಫಂಕ್ಷನ್ ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ, ನಡುವಿನ ಅಂಡರ್‌ಸ್ಕೋರ್ ನೀವೇ ಸೇರಿಸಿಕೊಳ್ಳಿ.) ಕ್ಯೂಎಮುವಿನಲ್ಲಿ 'ಮಿರರ್' ಅಂತ ಒಂದು ಜಾಬ್ ಇದೆ. ವರ್ಚುವಲ್ ಮಷೀನ್ ಓಡುತ್ತಿರುವಾಗಲೇ ಅದರ ಡಿಸ್ಕನ್ನು ಇನ್ನೊಂದು ಕಡೆ ನಕಲು ಮಾಡುತ್ತದೆ. ಮೊದಲು ಇಡೀ ಡಿಸ್ಕನ್ನು ಓದಿ ಬರೆಯುತ್ತದೆ. ಎರಡೂ ಕಡೆ ಸಮ ಆದ ಮೇಲೆ 'ರೆಡಿ' ಅನ್ನುವ ಸ್ಥಿತಿಗೆ ಬಂದು, ಮುಂದೆ ಬರುವ ಬದಲಾವಣೆಗಳನ್ನು ಹಿಂದೆಯೇ ಕಳಿಸುತ್ತಾ ಕಾಯುತ್ತದೆ. ರೆಡಿ ಆಗುವ ಮುಂಚೆ ಕ್ಯಾನ್ಸಲ್ ಮಾಡಿದರೆ ಅರ್ಥ ಸ್ಪಷ್ಟ: ಕೈಬಿಡು, ಆ ನಕಲು ಕೆಲಸಕ್ಕೆ ಬಾರದು. ರೆಡಿ ಆದ ಮೇಲೆ ಕ್ಯಾನ್ಸಲ್ ಮಾಡಿದರೆ ಅರ್ಥವೇ ಬೇರೆ. ಬಾಕಿ ಇರುವುದನ್ನು ಬರೆದು ಮುಗಿಸು, ಆ ಕ್ಷಣದ ಸರಿಯಾದ ನಕಲು ನನಗೆ ಬೇಕು, ಆದರೆ ವರ್ಚುವಲ್ ಮಷೀನ್ ಹಳೆಯ ಡಿಸ್ಕ್ ಮೇಲೇ ಮುಂದುವರಿಯಲಿ. ಅಂದರೆ ಬ್ಯಾಕಪ್ ತೆಗೆಯುವ ಒಂದು ದಾರಿಯೇ ಕ್ಯಾನ್ಸಲ್! ಅದಕ್ಕೇ ಅಲ್ಲಿ ಹೊರಡುವ ಈವೆಂಟ್ ಕೂಡ 'ಕ್ಯಾನ್ಸಲ್ ಆಯಿತು' ಅಂತ ಅಲ್ಲ, 'ಮುಗಿಯಿತು' ಅಂತ. ರೆಡಿ ಆದ ಮೇಲೂ ನಿಜಕ್ಕೂ ಕೈಬಿಡಬೇಕಾದರೆ 'ಫೋರ್ಸ್' ಅಂತ ಬೇರೆಯಾಗಿ ಹೇಳಬೇಕು.

ಬಳಕೆದಾರರಿಗೆ ಇದು ಗೊಂದಲ ಅನ್ನುವುದು ಇರಲಿ, ಒಳಗಿನ ಕೋಡ್‌ಗೂ ಗೊಂದಲವೇ ಆಗಿತ್ತು. ಎರಡೂ ಬಗೆಯ ಕ್ಯಾನ್ಸಲ್‌ಗೆ ಒಂದೇ ಫ್ಲ್ಯಾಗ್ ಏರುತ್ತಿತ್ತು. 'ಜಾಬ್ ಈಸ್ ಕ್ಯಾನ್ಸಲ್ಡ್' ಎಂಬ ಫಂಕ್ಷನ್ ಅದನ್ನೇ ನೋಡಿ ಹೌದು ಅನ್ನುತ್ತಿತ್ತು. ಇಷ್ಟಾದರೆ ಮೃದುವಾಗಿ ಮುಗಿಸುತ್ತಿರುವ ಮಿರರ್ ಜಾಬ್ ಕೂಡ ಸೋತ ಜಾಬ್‌ನ ಲೆಕ್ಕಕ್ಕೆ ಸೇರಿಬಿಡುತ್ತದಲ್ಲ? ಅದಕ್ಕೆ ಮಿರರ್ ಒಂದು ಉಪಾಯ ಮಾಡುತ್ತಿತ್ತು. ತನ್ನ ಮುಖ್ಯ ಲೂಪ್‌ನಿಂದ ಹೊರಬರುವ ಮುಂಚೆ ಆ ಫ್ಲ್ಯಾಗನ್ನು ತಾನೇ ಇಳಿಸಿಬಿಡುತ್ತಿತ್ತು. 'ನನ್ನನ್ನು ಯಾರೂ ಕ್ಯಾನ್ಸಲ್ ಮಾಡಲೇ ಇಲ್ಲ' ಅಂತ!

ನಿಮ್ಮ ಫ್ಲ್ಯಾಗನ್ನು ಬರೆಯುವ 9 ಜಾಗಗಳಲ್ಲಿ ಎಷ್ಟು ಕಡೆ ಅದನ್ನು ಸೊನ್ನೆ ಮಾಡುತ್ತಾರೆ, ನೋಡಿ. ಪ್ರಶ್ನೆಯಲ್ಲಿ ನೀವು ಹೇಳಿಲ್ಲ. ಒಂದಾದರೂ ಇರುತ್ತದೆ ಅಂತ ಪಣ ಕಟ್ಟುತ್ತೇನೆ. ಏರಿದ ಕ್ಯಾನ್ಸಲ್ ಫ್ಲ್ಯಾಗನ್ನು ಯಾರಾದರೂ ಇಳಿಸುತ್ತಿದ್ದರೆ ಆ ಫ್ಲ್ಯಾಗ್ ಸುಳ್ಳು ಹೇಳುತ್ತಿತ್ತು ಅಂತಲೇ ಅರ್ಥ.

ಈ ಉಪಾಯದಲ್ಲೂ ಒಂದು ಸಂದಿ ಉಳಿಯುತ್ತದೆ. ಜಾಬ್‌ನ ಕೆಲಸ ಮುಗಿದು ಅದರ ಮುಖ್ಯ ಫಂಕ್ಷನ್ ಹಿಂದಿರುಗಿದೆ, ಆದರೆ ಮುಖ್ಯ ಲೂಪ್ ಇನ್ನೂ ಬಂದು ಅದರ ಲೆಕ್ಕ ಚುಕ್ತಾ ಮಾಡಿಲ್ಲ. ಆ ಎರಡರ ನಡುವೆ ಒಂದು ಮೃದು ಕ್ಯಾನ್ಸಲ್ ಬಂತು. ಫ್ಲ್ಯಾಗ್ ಇಳಿಸುವವರು ಈಗ ಯಾರೂ ಇಲ್ಲ. ಪೂರ್ತಿ ಸರಿಯಾಗಿ ಮುಗಿದ ಜಾಬ್ 'ಕ್ಯಾನ್ಸಲ್ ಆದದ್ದು' ಅಂತ ದಾಖಲಾಗುತ್ತದೆ. ನಿಮ್ಮ ಮೂರನೇ ತೊಂದರೆಯ ಒಂದು ಮುಖ ಇದೇ ಇರಬೇಕು.

ಕ್ಯೂಎಮುವಿನವರು ಇದನ್ನು ಬಿಡಿಸಿದ ರೀತಿ ನನಗೆ ಬಹಳ ಹಿಡಿಸಿತು. ಹೊಸದಾಗಿ ಏನೂ ಬರೆಯಲಿಲ್ಲ. 2021ರಲ್ಲಿ ಹತ್ತಕ್ಕೂ ಹೆಚ್ಚು ಸಣ್ಣ ಸಣ್ಣ ಪ್ಯಾಚ್‌ಗಳು (ಕೋಡ್ ತಿದ್ದುಪಡಿಗಳು) ಬಂದವು. ಅದೇ ವರ್ಷ ಡಿಸೆಂಬರ್‌ನ 6.2 ಬಿಡುಗಡೆಯಲ್ಲಿ ಅವು ಸೇರಿದವು. 'ಜಾಬ್ ಕ್ಯಾನ್ಸಲ್ ರಿಕ್ವೆಸ್ಟೆಡ್' ಅಂತ ಇನ್ನೊಂದು ಫಂಕ್ಷನ್ ಬಂತು. ಯಾರಾದರೂ, ಯಾವ ಬಗೆಯಲ್ಲಾದರೂ ಕ್ಯಾನ್ಸಲ್ ಕೇಳಿದ್ದಾರಾ ಅನ್ನುವುದಕ್ಕೆ ಇದು. ಹಳೆಯ 'ಜಾಬ್ ಈಸ್ ಕ್ಯಾನ್ಸಲ್ಡ್' ಇನ್ನು ಫೋರ್ಸ್ ಆದಾಗ ಮಾತ್ರ ಹೌದು ಅನ್ನುತ್ತದೆ. ಅಷ್ಟಾದ ಮೇಲೆ ಮಿರರ್ ಫ್ಲ್ಯಾಗ್ ಇಳಿಸುವ ಸಾಲೇ ಬೇಡವಾಯಿತು, ಅಳಿಸಿದರು. ಕೆಲಸ ಮುಗಿದ ಜಾಬ್‌ಗೆ ಬಂದ ಮೃದು ಕ್ಯಾನ್ಸಲ್ ಇನ್ನು ಲೆಕ್ಕಕ್ಕಿಲ್ಲ ಅಂತ ಇನ್ನೊಂದು ಪ್ಯಾಚ್ ಬಂತು. ಕಾದು ಕ್ಯಾನ್ಸಲ್ ಮಾಡುವ 'ಜಾಬ್ ಕ್ಯಾನ್ಸಲ್ ಸಿಂಕ್' ಫಂಕ್ಷನ್‌ಗೂ ಫೋರ್ಸ್ ಹೌದೋ ಅಲ್ಲವೋ ಅಂತ ಒಂದು ಪ್ಯಾರಾಮೀಟರ್ ಸೇರಿತು. ಅದನ್ನು ಕರೆಯುವವರನ್ನೆಲ್ಲ ಒಬ್ಬೊಬ್ಬರಾಗಿ 'ನಿಮಗೆ ಯಾವುದು ಬೇಕಿತ್ತು?' ಅಂತ ಕೇಳುತ್ತಾ ಹೋದರೆ, ಹೆಚ್ಚುಕಮ್ಮಿ ಎಲ್ಲರಿಗೂ ಬೇಕಾಗಿದ್ದದ್ದು ಫೋರ್ಸ್. ನಕಲು ಸರಿಯಿದೆಯೋ ಇಲ್ಲವೋ ಅನ್ನುವುದು ಅವರಿಗೆ ಬೇಡ, ಬೇಗ ನಿಂತರೆ ಸಾಕು. ರೆಪ್ಲಿಕೇಶನ್ ಡ್ರೈವರ್ ಒಂದೇ ಹೊರತು.

ಈಗ ನಿಮ್ಮ ಕೋಡ್‌ಗೆ ಬರೋಣ.

ಮೊದಲ ಪ್ಯಾಚ್‌ನಲ್ಲಿ ನಡವಳಿಕೆ ಒಂದಿಷ್ಟೂ ಬದಲಾಗಬಾರದು. ಫ್ಲ್ಯಾಗನ್ನು ನೇರವಾಗಿ ಓದುವ 63 ಜಾಗಗಳನ್ನೂ ಒಂದು ಫಂಕ್ಷನ್ ಹಿಂದೆ ತನ್ನಿ. ಪದ ಹುಡುಕುವ ಗ್ರೆಪ್ ಒಂದನ್ನೇ ನಂಬಬೇಡಿ. ಸ್ಟ್ರಕ್ಚರ್‌ನಲ್ಲಿ ಆ ಫೀಲ್ಡ್‌ನ ಹೆಸರನ್ನೇ ಬದಲಿಸಿ. ಮ್ಯಾಕ್ರೋ ಒಳಗೆ ಅವಿತಿರುವವೂ ಆಗ ಕಂಪೈಲರ್ ಕೈಗೆ ಸಿಕ್ಕಿಬೀಳುತ್ತವೆ. ಎರಡನೇ ಪ್ಯಾಚ್‌ನಲ್ಲಿ ಇನ್ನೊಂದು ಫಂಕ್ಷನ್ ಸೇರಿಸಿ. ಒಳಗಿನ ಕೋಡ್ ಸದ್ಯಕ್ಕೆ ಮೊದಲನೆಯದರದ್ದೇ, ಹೆಸರು ಮಾತ್ರ ಬೇರೆ. ಆಮೇಲೆ 63 ಜಾಗಗಳನ್ನು ಒಂದೊಂದಾಗಿ ನೋಡಿ, ಈ ಸಾಲು ಕೇಳುತ್ತಿರುವ ಪ್ರಶ್ನೆ ಯಾವುದು ಅಂತ ತೀರ್ಮಾನ ಮಾಡಿ. 'ಹೊಸ ಕೆಲಸ ಶುರು ಮಾಡಬೇಡವಾ?' ಅಂತಲೋ, 'ಕೈಯಲ್ಲಿರುವುದನ್ನೂ ಬಿಟ್ಟು ಓಡಲಾ?' ಅಂತಲೋ? ಉತ್ತರಕ್ಕೆ ತಕ್ಕ ಫಂಕ್ಷನ್ ಹಾಕಿ.

ಇಡೀ ಕೆಲಸದಲ್ಲಿ ತಲೆ ಬಿಸಿಯಾಗುವುದು ಇಲ್ಲೇ. ಇದಕ್ಕೆ ಮೂರು ನಾಲ್ಕು ದಿನ ಹೋದರೂ ಹೋಗಲಿ. ಕೆಲವು ಜಾಗಗಳಲ್ಲಿ ಮೂರನೇ ಪ್ರಶ್ನೆಯೊಂದು ಸಿಗುತ್ತದೆ: 'ಈ ಜಾಬ್ ಮುಗಿದು ಹೋಗಿದೆಯಾ?' ಕ್ಯಾನ್ಸಲ್ಡ್ ಫ್ಲ್ಯಾಗ್ ನೋಡಿ 'ಓ, ಮುಗಿದಿದೆ' ಅಂತ ಅಂದುಕೊಂಡು ಮೆಮೊರಿ ಬಿಡುಗಡೆ ಮಾಡುವ ಜಾಗ. ಅವಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ನಿಮ್ಮ ಕ್ರ್ಯಾಶ್ ಅಲ್ಲೇ ಇದೆ.

ಮೂರನೇ ಪ್ಯಾಚ್‌ನಲ್ಲಿ ಹೌದು-ಇಲ್ಲ ಫ್ಲ್ಯಾಗ್ ತೆಗೆದು ಮೂರು ಮೆಟ್ಟಿಲು ಇಡಿ: ಯಾರೂ ಕೇಳಿಲ್ಲ, ಮೃದುವಾಗಿ ಕೇಳಿದ್ದಾರೆ, ಕೈಬಿಡಲು ಹೇಳಿದ್ದಾರೆ. ಮೆಟ್ಟಿಲು ಹತ್ತಬಹುದು, ಇಳಿಯುವ ಹಾಗಿಲ್ಲ. ಮೃದು ಕ್ಯಾನ್ಸಲ್ ಕೊಟ್ಟು ಕಾದು ಬೇಸತ್ತವರು ಫೋರ್ಸ್ ಕೊಡಬಹುದು, ಫೋರ್ಸ್ ಆದ ಮೇಲೆ ಬಂದ ಮೃದು ಕ್ಯಾನ್ಸಲ್ ಸುಮ್ನೆ ಬಿದ್ದುಹೋಗಲಿ. ವೊಲಟೈಲ್ ಬೇಡ, ಸಿ11ರ ಅಟಾಮಿಕ್ ಬಳಸಿ. ವೊಲಟೈಲ್ ಇದ್ದರೆ ಕಂಪೈಲರ್ ಪ್ರತಿ ಸಲ ಮೆಮೊರಿಯಿಂದಲೇ ಓದುತ್ತದೆ, ಅಷ್ಟೇ. ಫ್ಲ್ಯಾಗ್ ಬರೆಯುವ ಮುಂಚೆ ಬರೆದ ಬೇರೆ ಡೇಟಾ ಇನ್ನೊಂದು ಥ್ರೆಡ್‌ಗೆ ಅದೇ ಕ್ರಮದಲ್ಲಿ ಕಾಣುತ್ತದೆ ಅನ್ನುವ ಭರವಸೆ ಅದು ಕೊಡುವುದಿಲ್ಲ. ಇಂಟೆಲ್ ಮೇಲೆ ಹನ್ನೊಂದು ವರ್ಷ ಬಚಾವಾದ ಕೋಡ್ ಆರ್ಮ್ ಸರ್ವರ್ ಮೇಲೆ ಮೊದಲ ವಾರವೇ ಕೈ ಕೊಡಬಹುದು.

ಜಾಬ್‌ನ ಕೊನೆಯ ಫಲಿತಾಂಶವನ್ನು ಒಂದೇ ಜಾಗದಲ್ಲಿ, ಲಾಕ್ ಹಿಡಿದು, ಒಂದೇ ಸಲ ಬರೆಯಿರಿ. ಮುಗಿಯಿತು, ಕೈಬಿಟ್ಟೆ, ಸೋತೆ ಎಂಬ ಮೂರರಲ್ಲಿ ಒಂದು. ಬರೆದ ಮೇಲೆ ಬಂದ ಕ್ಯಾನ್ಸಲ್‌ಗೆ 'ತಡವಾಯಿತು' ಅಂತ ಉತ್ತರ ಹೋಗಲಿ. ಇಲ್ಲಿ, ಓದು-ಬರಹದ ಕೆಲಸಗಳನ್ನು ಸರದಿಗೆ ಹಾಕುವ ಲಿನಕ್ಸ್‌ನ ಐಒ ಯೂರಿಂಗ್ ಒಳ್ಳೆಯ ಮಾದರಿ. ಅಲ್ಲಿ ಒಂದು ಕೆಲಸವನ್ನು ಕ್ಯಾನ್ಸಲ್ ಮಾಡು ಅಂದರೆ ಮೂರು ಬಗೆಯ ಉತ್ತರ ಬರಬಹುದು. ಸೊನ್ನೆ ಬಂದರೆ ಕ್ಯಾನ್ಸಲ್ ಮಾಡಿದೆ ಅಂತ. ಇ-ನೋ-ಎಂಟ್ ಬಂದರೆ ಅಂಥ ಕೆಲಸವೇ ಕಾಣಲಿಲ್ಲ ಅಂತ. ಇ-ಆಲ್ರೆಡಿ ಬಂದರೆ ಕೆಲಸ ಬಹಳ ಮುಂದೆ ಹೋಗಿದೆ, ಇನ್ನು ನಿಲ್ಲಿಸಲು ಆಗದು ಅಂತ. ಸುಳ್ಳು ಸಮಾಧಾನ ಹೇಳುವುದಿಲ್ಲ. ಇನ್ನೂ ಮುಖ್ಯವಾದದ್ದು, ಕ್ಯಾನ್ಸಲ್ ಆದರೂ ಮೂಲ ಕೆಲಸ ತನ್ನದೇ ಒಂದು ಮುಕ್ತಾಯದ ಚೀಟಿ ಕಳಿಸುತ್ತದೆ. ಆ ಚೀಟಿ ಕೈಗೆ ಬರುವ ತನಕ ಅದಕ್ಕೆ ಕೊಟ್ಟ ಬಫರನ್ನು ಮುಟ್ಟುವಂತಿಲ್ಲ.

ಕ್ರ್ಯಾಶ್‌ನ ವಿಷಯವೂ ಇದೇ. ನನ್ನದೇ ಒಂದು ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸ್ಟೋರೇಜ್ ಉತ್ಪನ್ನದಲ್ಲಿ, ಟೈಮರ್ ರದ್ದು ಮಾಡಿ ಮುಂದಿನ ಸಾಲಿನಲ್ಲೇ ಅದರ ಮೆಮೊರಿ ಬಿಡುಗಡೆ ಮಾಡುವ ಕೋಡ್ ಬರೆದಿದ್ದೆ. ರದ್ದು ಮಾಡುವ ಫಂಕ್ಷನ್ 'ಇನ್ನು ಮುಂದೆ ಓಡಬೇಡ' ಅಂತ ಹೇಳುತ್ತದೆಯೇ ಹೊರತು, ಈಗಾಗಲೇ ಇನ್ನೊಂದು ಸಿಪಿಯು ಮೇಲೆ ಓಡುತ್ತಿರುವುದಕ್ಕೆ ಕಾಯುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಲ್ಯಾಬ್‌ನಲ್ಲಿ ಒಮ್ಮೆಯೂ ಬೀಳಲಿಲ್ಲ. ಗ್ರಾಹಕರ ಕಡೆ ವಾರಕ್ಕೊಮ್ಮೆ, ಅದೂ ಬ್ಯಾಕಪ್ ಹೊತ್ತಿಗೇ ಬೀಳುತ್ತಿತ್ತು. ಹುಡುಕಲು ಮೂರು ವಾರ ಹಿಡಿಯಿತು. ತಪ್ಪು ನನ್ನದೇ ಅಂತ ಗೊತ್ತಾದ ದಿನ ಮಧ್ಯಾಹ್ನದ ಊಟ ಸೇರಲಿಲ್ಲ.

ಲಿನಕ್ಸ್ ಕರ್ನಲ್‌ನಲ್ಲಿ ಈ ಫರಕು ಹೆಸರಲ್ಲೇ ಇದೆ. ಆಮೇಲೆ ಓಡಲಿ ಅಂತ ಸರದಿಗೆ ಹಾಕಿದ ಕೆಲಸಕ್ಕೆ ಅಲ್ಲಿ 'ವರ್ಕ್' ಅನ್ನುತ್ತಾರೆ. 'ಕ್ಯಾನ್ಸಲ್ ಡಿಲೇಡ್ ವರ್ಕ್' ಅಂದರೆ ಸರದಿಯಿಂದ ತೆಗೆ, ಕಾಯಬೇಡ. ಅದರ ಬಾಲಕ್ಕೆ 'ಸಿಂಕ್' ಸೇರಿದರೆ, ಓಡುತ್ತಿದ್ದರೆ ಮುಗಿಯುವ ತನಕ ಕಾದು ಆಮೇಲೆ ಹಿಂದಿರುಗು. ಮೆಮೊರಿ ಬಿಡುಗಡೆ ಮಾಡುವ ಮುಂಚೆ ಬೇಕಾದದ್ದು ಸಿಂಕ್. ಆದರೆ ಸಿಂಕ್ ಬಳಸುವವರು ಎರಡು ಗುಂಡಿ ತಪ್ಪಿಸಿ ನಡೆಯಬೇಕು. ಯಾವ ಲಾಕ್‌ಗಾಗಿ ಆ ಕೆಲಸ ಕಾಯುತ್ತಿದೆಯೋ ಅದೇ ಲಾಕ್ ಹಿಡಿದುಕೊಂಡು ಸಿಂಕ್ ಕರೆದರೆ, ಅದು ನಿಮಗೆ ಕಾಯುತ್ತದೆ, ನೀವು ಅದಕ್ಕೆ ಕಾಯುತ್ತೀರಿ. ಇನ್ನೊಂದು, ಕೆಲಸವೇ ತನ್ನೊಳಗಿಂದ ತನ್ನನ್ನು ಸಿಂಕ್ ಮಾಡಿ ಕ್ಯಾನ್ಸಲ್ ಮಾಡುವುದು. ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡು ನಾನು ಹೊರಗೆ ಹೋಗಲಿ ಅಂತ ಕಾದ ಹಾಗೆ.

ಇವೆರಡನ್ನು ದಾಟಿದರೂ ಇನ್ನೊಂದಿದೆ. ಇದಕ್ಕೆ ಕರ್ನಲ್‌ನವರೇ ವರ್ಷಗಟ್ಟಲೆ ಒದ್ದಾಡಿದರು. ಒಂದು ಟೈಮರ್ ಇದೆ, ಅದು ಓಡಿದಾಗ ಒಂದು ವರ್ಕ್ ಅನ್ನು ಸರದಿಗೆ ಹಾಕುತ್ತದೆ. ಆ ವರ್ಕ್ ಓಡಿದಾಗ ಮತ್ತೆ ಟೈಮರ್ ಹಚ್ಚುತ್ತದೆ. ಈಗ ಡ್ರೈವರ್ ತೆಗೆಯಬೇಕು. ಮೊದಲು ಟೈಮರ್ ನಿಲ್ಲಿಸಿದರೆ ವರ್ಕ್ ಅದನ್ನು ಮತ್ತೆ ಎಬ್ಬಿಸುತ್ತದೆ. ಮೊದಲು ವರ್ಕ್ ನಿಲ್ಲಿಸಿದರೆ ಟೈಮರ್ ಅದನ್ನು ಮತ್ತೆ ಸರದಿಗೆ ಹಾಕುತ್ತದೆ. ಯಾವ ಕ್ರಮದಲ್ಲಿ ಹೋದರೂ ಸಂದಿ ಇದ್ದೇ ಇದೆ. 2023ರ ಫೆಬ್ರವರಿಯಲ್ಲಿ ಬಂದ 6.2 ಕರ್ನಲ್‌ನಲ್ಲಿ 'ಟೈಮರ್ ಶಟ್‌ಡೌನ್ ಸಿಂಕ್' ಸೇರಿತು. ಅದು ನಿಲ್ಲಿಸಿ, ಕಾದು, ಆಮೇಲೆ ಯಾರೇ ಹಚ್ಚಲು ಬಂದರೂ ಹತ್ತದಂತೆ ಮಾಡುತ್ತದೆ. ವರ್ಕ್‌ಗಳಿಗೂ ಇಂಥದ್ದೇ 'ಡಿಸೇಬಲ್ ವರ್ಕ್ ಸಿಂಕ್' 2024ರ ಜುಲೈನ 6.10ರಲ್ಲಿ ಬಂತು. (ಹೌದು, ಕ್ಯೂಎಮುವಿಗೂ ಕರ್ನಲ್‌ಗೂ 6.2 ಅಂತ ಒಂದೊಂದು ಬಿಡುಗಡೆ ಇದೆ, ಗಲಿಬಿಲಿ ಮಾಡಿಕೊಳ್ಳಬೇಡಿ.)

ನಿಮ್ಮ ಡೀಮನ್‌ನಲ್ಲಿ ಸೋತ ನಕಲನ್ನು ಮತ್ತೆ ಪ್ರಯತ್ನಿಸುವ ವ್ಯವಸ್ಥೆ ಇದ್ದೇ ಇರುತ್ತದೆ. ಜಾಬ್ ಸೋಲುತ್ತದೆ, ಮರುಪ್ರಯತ್ನದ ಟೈಮರ್ ಹತ್ತುತ್ತದೆ, ಟೈಮರ್ ಮತ್ತೆ ಜಾಬ್ ಶುರು ಮಾಡುತ್ತದೆ. ಇದೂ ಅದೇ ಸುಳಿ. ಹಾಗಾಗಿ ಕ್ಯಾನ್ಸಲ್ ಮಾಡುವಾಗ ಮೊದಲು ಬಾಗಿಲು ಮುಚ್ಚಿ: ಈ ಜಾಬ್‌ಗೆ ಇನ್ನು ಯಾರೂ ಹೊಸ ಕೆಲಸ ಸೇರಿಸುವಂತಿಲ್ಲ. ಆಮೇಲೆ ಒಳಗಿರುವವರನ್ನು ಎಬ್ಬಿಸಿ. ಆಮೇಲೆ ಥ್ರೆಡ್ ಅನ್ನು ಜಾಯಿನ್ ಮಾಡಿ. ಕೊನೆಗೆ ಮೆಮೊರಿ. ಈ ನಾಲ್ಕು ಹೆಜ್ಜೆ ಒಂದೇ ಫಂಕ್ಷನ್‌ನಲ್ಲಿ ಇರಲಿ. ಕೆಂಪು ಗುರುತಿನ ಜಾಗಗಳೆಲ್ಲ ಅದನ್ನೇ ಕರೆಯಲಿ.

ಇನ್ನು ತಡದ ವಿಷಯ. 'ಒಂದು ನಿಮಿಷ' ಮತ್ತು 'ಎರಡು ನಿಮಿಷಕ್ಕೂ ಜಾಸ್ತಿ' ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ನಗು ಬಂತು. ಸರಿಯಾಗಿ ಒಂದು ನಿಮಿಷ ಆದರೆ ಎಲ್ಲೋ ಒಂದು 'ಸ್ಲೀಪ್ 60' ಇದೆ, ಮರುಪ್ರಯತ್ನದ ನಡುವೆ. ಎರಡು ನಿಮಿಷ ಏಳು ಸೆಕೆಂಡ್ ಆದರೆ ಅದು ಟಿಸಿಪಿ ಕನೆಕ್ಟ್. ಆ ಕಡೆಯ ಸರ್ವರ್ ಉತ್ತರವನ್ನೇ ಕೊಡದಿದ್ದರೆ 6.5ಕ್ಕಿಂತ ಹಿಂದಿನ ಲಿನಕ್ಸ್ ಕರ್ನಲ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಇನ್ನೂ 6 ಸಲ ಪ್ರಯತ್ನಿಸುತ್ತದೆ, ಪ್ರತಿ ಸಲ ಕಾಯುವ ಹೊತ್ತು ದುಪ್ಪಟ್ಟು. 1, 2, 4, 8, 16, 32, 64 ಕೂಡಿಸಿ ನೋಡಿ, 127 ಸೆಕೆಂಡ್. (6.5ರಿಂದ ಈಚೆಗೆ ಲೆಕ್ಕ ಸ್ವಲ್ಪ ಬೇರೆ, 131 ಸೆಕೆಂಡ್.) ಇದರ ಇನ್ನೊಂದು ಪರಿಣಾಮವೂ ಇದೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಒಂದು ಸರ್ವಿಸ್ ನಿಲ್ಲಿಸುವಾಗ ಮಾಮೂಲಿಯಾಗಿ 90 ಸೆಕೆಂಡ್ ಕಾದು ಆಮೇಲೆ ಸಿಗ್‌ಕಿಲ್ (ಬಲವಂತವಾಗಿ ಸಾಯಿಸುವ ಸಿಗ್ನಲ್) ಕೊಡುತ್ತದೆ. ಕನೆಕ್ಟ್‌ನಲ್ಲಿ ಸಿಕ್ಕಿಕೊಂಡ ಜಾಬ್ ಇದ್ದಾಗ ನಿಮ್ಮ ಡೀಮನ್ ರೀಸ್ಟಾರ್ಟ್ ಆದರೆ ಅದು ತಾನಾಗಿ ಮುಗಿಯುವುದಿಲ್ಲ, ಸಾಯಿಸಲ್ಪಡುತ್ತದೆ. ಡಿಸ್ಕ್ ಮೇಲೆ ಅರ್ಧ ನಕಲುಗಳು ಅನಾಥವಾಗಿ ಬಿದ್ದಿದ್ದರೆ ಕಾರಣ ಇದು. ಡೀಮನ್ ಮುಚ್ಚುವಾಗ ಯಾವಾಗಲೂ ಫೋರ್ಸ್ ಕ್ಯಾನ್ಸಲ್ಲೇ ಆಗಲಿ, ಮೃದುವಿಗೆ ಅಲ್ಲಿ ಪುರುಸೊತ್ತಿಲ್ಲ.

ಫ್ಲ್ಯಾಗ್ ಏರಿಸಿದ ಮಾತ್ರಕ್ಕೆ ನಿದ್ದೆಯಲ್ಲಿರುವ ಥ್ರೆಡ್‌ಗೆ ಗೊತ್ತಾಗುವುದಿಲ್ಲ. ಅದನ್ನು ತಟ್ಟಿ ಎಬ್ಬಿಸಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿ. 'ಪಿಜಿ ಕ್ಯಾನ್ಸಲ್ ಬ್ಯಾಕೆಂಡ್' ಕರೆದರೆ ಆ ಪ್ರಾಸೆಸ್‌ಗೆ ಸಿಗ್‌ಇಂಟ್ ಎಂಬ ಸಿಗ್ನಲ್ ಹೋಗುತ್ತದೆ. ಸಿಗ್ನಲ್ ಹ್ಯಾಂಡ್ಲರ್ ಮಾಡುವುದು ಎರಡೇ ಕೆಲಸ: ಫ್ಲ್ಯಾಗ್ ಏರಿಸುವುದು, ಲ್ಯಾಚ್ (ಮಲಗಿದ ಪ್ರಾಸೆಸ್‌ನ ಕರೆಗಂಟೆ ಅನ್ನಿ) ತಟ್ಟಿ ಎಬ್ಬಿಸುವುದು. ನಿಜವಾದ ನಿಲ್ಲಿಸುವಿಕೆ ಎಲ್ಲ 'ಚೆಕ್ ಫಾರ್ ಇಂಟರಪ್ಟ್ಸ್' ಅನ್ನುವ ಮ್ಯಾಕ್ರೋ ಇರುವ ಜಾಗದಲ್ಲಿ, ಅಂದರೆ ನಿಲ್ಲಲು ಸುರಕ್ಷಿತ ಅಂತ ಕೋಡ್ ಬರೆದವರೇ ಆರಿಸಿದ ಜಾಗದಲ್ಲಿ. ಒಳಗಿನ ಹಗುರ ಲಾಕ್ ಹಿಡಿದಿರುವಾಗ ಇಂಟರಪ್ಟನ್ನು ತಡೆದಿಡುತ್ತದೆ. ಕ್ವೆರಿ ಮಾತ್ರ ಬೇಡ ಅನ್ನುವವರಿಗೆ ಸಿಗ್‌ಇಂಟ್, ಕನೆಕ್ಷನ್ನೇ ಬೇಡ ಅನ್ನುವವರಿಗೆ 'ಪಿಜಿ ಟರ್ಮಿನೇಟ್ ಬ್ಯಾಕೆಂಡ್', ಅಂದರೆ ಸಿಗ್‌ಟರ್ಮ್. ನೋಡಿದಿರಾ, ಅಲ್ಲೂ ಎರಡು ಬಗೆ, ಎರಡು ಹೆಸರು.

ನಿಮ್ಮಲ್ಲಿ ಸ್ಲೀಪ್ ಇರುವ ಕಡೆಯೆಲ್ಲ ಕಂಡಿಷನ್ ವೇರಿಯಬಲ್ (ಮಲಗಿದ ಥ್ರೆಡ್ಡನ್ನು ಇನ್ನೊಂದು ಥ್ರೆಡ್ ಎಬ್ಬಿಸುವ ಸಾಧನ) ಮೇಲೆ ಸಮಯ ಮಿತಿಯ ಕಾಯುವಿಕೆ ಹಾಕಿ. ಲಾಕ್ ಹಿಡಿದು ಮೆಟ್ಟಿಲು ಏರಿಸಿ, ಆಮೇಲೆ ಸಿಗ್ನಲ್ ಮಾಡಿ. ಲಾಕ್ ಇಲ್ಲದೆ ಏರಿಸಿದರೆ, ಆ ಥ್ರೆಡ್ 'ಯಾರೂ ಕೇಳಿಲ್ಲ' ಅಂತ ನೋಡಿ ಮಲಗಲು ಹೊರಟ ಆ ಕಣ್ರೆಪ್ಪೆಯ ಹೊತ್ತಿನಲ್ಲೇ ನಿಮ್ಮ ತಟ್ಟುವಿಕೆ ವ್ಯರ್ಥವಾಗಬಹುದು. ಗಡಿಯಾರ ಮೊನೊಟೋನಿಕ್, ಅಂದರೆ ಎಂದೂ ಹಿಂದೆ ಸರಿಯದ್ದು, ಇರಲಿ. ಪಿಥ್ರೆಡ್‌ನ ಮಾಮೂಲಿ ಗಡಿಯಾರ ಗೋಡೆ ಗಡಿಯಾರ, ಯಾರಾದರೂ ಸಮಯ ತಿದ್ದಿದರೆ ನಿಮ್ಮ ಒಂದು ನಿಮಿಷ ಒಂದು ಗಂಟೆಯಾದೀತು.

ನೆಟ್‌ವರ್ಕ್ ಮೇಲೆ ಕಾಯುವ ಕಡೆ ಪೋಲ್ (ಹಲವು ಕಡೆಗೆ ಒಟ್ಟಿಗೆ ಕಾಯುವ ಕರೆ) ಬಳಸಿ, ಅದರ ಪಟ್ಟಿಯಲ್ಲಿ ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ತುದಿ) ಜೊತೆಗೆ ಎಬ್ಬಿಸಲೆಂದೇ ಇರುವ ಒಂದು ಈವೆಂಟ್‌ಎಫ್‌ಡಿ ಇಡಿ. ಕ್ಯಾನ್ಸಲ್ ಮಾಡುವವರು ಅದಕ್ಕೆ ಬರೆದರೆ ಪೋಲ್ ಎದ್ದುಬಿಡುತ್ತದೆ. ಕನೆಕ್ಟನ್ನೂ ನಾನ್-ಬ್ಲಾಕಿಂಗ್ ಮಾಡಿ ಇದೇ ಪೋಲ್‌ಗೆ ತನ್ನಿ, 127 ಸೆಕೆಂಡ್ ಮಾಯ. ದಯವಿಟ್ಟು ಒಂದು ಅಡ್ಡದಾರಿ ಹಿಡಿಯಬೇಡಿ: ಇನ್ನೊಂದು ಥ್ರೆಡ್ ಓದುತ್ತಿರುವ ಸಾಕೆಟನ್ನು ಈ ಥ್ರೆಡ್‌ನಿಂದ ಕ್ಲೋಸ್ ಮಾಡುವುದು. ಲಿನಕ್ಸ್‌ನಲ್ಲಿ ಅದರಿಂದ ಆ ಓದು ಏಳುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅದಕ್ಕಿಂತ ಕೆಟ್ಟದ್ದು, ಆ ಡಿಸ್ಕ್ರಿಪ್ಟರ್ ನಂಬರ್ ಮರುಕ್ಷಣವೇ ಬೇರೆ ಫೈಲ್‌ಗೆ ಸಿಗಬಹುದು. ನಿಮ್ಮ ಹಳೆಯ ಥ್ರೆಡ್ ಯಾರದೋ ಡಿಸ್ಕ್ ಇಮೇಜ್ ಮೇಲೆ ಬರೆದು ಬಂದರೆ ಗ್ರಾಹಕರಿಗೆ ಏನು ಹೇಳುತ್ತೀರಿ? ಎಬ್ಬಿಸಲೇಬೇಕಾದರೆ ಸಾಕೆಟ್ ಮೇಲೆ ಶಟ್‌ಡೌನ್ ಕರೆಯಿರಿ. ನಂಬರ್ ನಿಮ್ಮದಾಗಿಯೇ ಉಳಿಯುತ್ತದೆ.

ಡಿಸ್ಕ್ ಫೈಲ್‌ಗಳಿಗೆ ಈ ಪೋಲ್ ಆಟ ನಡೆಯುವುದಿಲ್ಲ. ಮಾಮೂಲಿ ಫೈಲ್ ಬಗ್ಗೆ ಪೋಲ್ ಯಾವಾಗಲೂ 'ತಯಾರು' ಅಂತಲೇ ಹೇಳುತ್ತದೆ. ಅಲ್ಲಿ ಇರುವ ಒಂದೇ ದಾರಿ ತುತ್ತು ಚಿಕ್ಕದು ಮಾಡುವುದು. ಒಂದೇ ಸಲಕ್ಕೆ 256 ಎಂಬಿ ಬರೆಯುತ್ತಿದ್ದರೆ 1 ಎಂಬಿಗೆ ಇಳಿಸಿ, ಪ್ರತಿ ತುತ್ತಿಗೂ ಒಮ್ಮೆ ಕೇಳಿ ನೋಡಿ. ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಪೂರ್ತಿ ಇಳಿಸುವ ಕರೆ) ಶುರುವಾದ ಮೇಲೆ ಅದನ್ನು ನಿಲ್ಲಿಸುವ ದಾರಿ ನಿಮ್ಮ ಕೈಯಲ್ಲಿಲ್ಲ. ಥ್ರೆಡ್ 'ಡಿ' ಸ್ಥಿತಿಯಲ್ಲಿ (ಎಬ್ಬಿಸಲಾಗದ ನಿದ್ದೆಯಲ್ಲಿ) ಕೂತರೆ ಸಿಗ್‌ಕಿಲ್‌ಗೂ ಜಗ್ಗದಿರಬಹುದು. ಅದನ್ನು ಕೋಡ್‌ನಲ್ಲಿ ಸರಿ ಮಾಡಲು ಹೋಗಬೇಡಿ. ಪರದೆ ಮೇಲೆ 'ನಿಲ್ಲಿಸುತ್ತಿದ್ದೇವೆ' ಅಂತ ತೋರಿಸಿ, 'ನಿಂತಿತು' ಅಂತ ನಿಜಕ್ಕೂ ನಿಂತ ಮೇಲೆ ತೋರಿಸಿ.

ಪಿಥ್ರೆಡ್ ಕ್ಯಾನ್ಸಲ್ ಯಾಕೆ ಬೇಡ ಅನ್ನುವುದು ಈಗ ನಿಮಗೇ ಹೊಳೆದಿರಬೇಕು. ಅದು ಥ್ರೆಡ್ ಅನ್ನು ನಿಲ್ಲಿಸುವುದು ರೀಡ್, ರೈಟ್ ಮುಂತಾದ ಜಾಗಗಳಲ್ಲಿ, ನೀವು ಆರಿಸಿದ ಜಾಗಗಳಲ್ಲಲ್ಲ. ಆಗ ಹಿಡಿದಿದ್ದ ಲಾಕ್ ಹಿಡಿದಂತೆಯೇ, ತೆರೆದ ಫೈಲ್ ತೆರೆದಂತೆಯೇ ಉಳಿಯುತ್ತವೆ, ಪ್ರತಿಯೊಂದಕ್ಕೂ ಕ್ಲೀನಪ್ ಹ್ಯಾಂಡ್ಲರ್ ಬರೆದಿದ್ದರೆ ಮಾತ್ರ ಬಚಾವ್. ಮೃದು ಕ್ಯಾನ್ಸಲ್ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಆಂಡ್ರಾಯ್ಡ್‌ನ ಸಿ ಲೈಬ್ರರಿ ಬಯೋನಿಕ್‌ನಲ್ಲಿ ಆ ಫಂಕ್ಷನ್ನೇ ಇಲ್ಲ. ಜಾವಾದಲ್ಲೂ ಥ್ರೆಡ್ ಸ್ಟಾಪ್ ಬೇಡ ಅಂತ 1998ರಲ್ಲೇ ಹೇಳಿ, 2023ರ ಜೆಡಿಕೆ 20ರಲ್ಲಿ ಕರೆದರೆ ಎಕ್ಸೆಪ್ಶನ್ ಬರುವಂತೆ ಮಾಡಿದರು.

ಟೆಸ್ಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಮೊದಲ ಪ್ಯಾಚ್‌ನಲ್ಲಿ ಎಲ್ಲ ಓದುಗಳನ್ನೂ ಫಂಕ್ಷನ್ ಹಿಂದೆ ತಂದಿರಲ್ಲ, ಅದರ ನಿಜವಾದ ಲಾಭ ಇಲ್ಲಿದೆ. ಟೆಸ್ಟ್ ಬಿಲ್ಡ್‌ನಲ್ಲಿ ಆ ಫಂಕ್ಷನ್‌ಗಳ ಒಳಗೆ ಒಂದು ಎಣಿಕೆ ಇಡಿ. ಮೊದಲ ಸಲ ಓಡಿಸಿದಾಗ ಒಂದನೇ ವಿಚಾರಣೆಯಲ್ಲಿ ಕ್ಯಾನ್ಸಲ್ ಆಗಲಿ, ಎರಡನೇ ಸಲ ಎರಡನೆಯದರಲ್ಲಿ, ಹೀಗೆ ಜಾಬ್ ಕ್ಯಾನ್ಸಲ್ ಆಗದೆ ತಾನಾಗಿ ಮುಗಿಯುವ ತನಕ. ಸಣ್ಣ ಇಮೇಜ್ ಸಾಕು, ಕೆಲವು ನೂರು ಸುತ್ತು ಆಗಬಹುದು. ಮೃದುವಿಗೆ ಒಂದು ಸಲ, ಫೋರ್ಸ್‌ಗೆ ಒಂದು ಸಲ. ಪ್ರತಿ ಸುತ್ತಿನ ಕೊನೆಗೆ 'ಮುಗಿಯಿತು' ಅಂದಿದ್ದರೆ ನಕಲಿನ ಚೆಕ್‌ಸಮ್ ಮೂಲಕ್ಕೆ ಹೊಂದಬೇಕು, 'ಕೈಬಿಟ್ಟೆ' ಅಂದಿದ್ದರೆ ಅರ್ಧ ಫೈಲ್ ಉಳಿದಿರಬಾರದು. ಇದನ್ನು ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್‌ನಲ್ಲಿ ಒಮ್ಮೆ, ಥ್ರೆಡ್‌ಗಳ ತಿಕ್ಕಾಟ ಹಿಡಿಯುವ ಥ್ರೆಡ್ ಸ್ಯಾನಿಟೈಜರ್‌ನಲ್ಲಿ ಒಮ್ಮೆ ಓಡಿಸಿ. ಎರಡನ್ನೂ ಒಂದೇ ಬಿಲ್ಡ್‌ನಲ್ಲಿ ಹಾಕಲು ಬರುವುದಿಲ್ಲ.

ಎರಡು ವಾರ ಸಾಕಾ? ಫ್ಲ್ಯಾಗ್ ಬಿಡಿಸುವುದಕ್ಕೆ, ನಾಲ್ಕು ಹೆಜ್ಜೆಯ ಫಂಕ್ಷನ್‌ಗೆ, ಟೆಸ್ಟ್‌ಗೆ ಸಾಕು. ಎಲ್ಲ ನೆಟ್‌ವರ್ಕ್ ಕಾಯುವಿಕೆಗಳನ್ನೂ ಪೋಲ್‌ಗೆ ತರಲು ಸಾಲದು. ಮೊದಲು ಸ್ಲೀಪ್ ಮತ್ತು ಕನೆಕ್ಟ್ ಎರಡನ್ನೇ ಸರಿ ಮಾಡಿ, ಉಳಿದದ್ದು ಮುಂದಿನ ತಿಂಗಳಿಗಿರಲಿ. ನಿಮ್ಮ ಮ್ಯಾನೇಜರ್‌ಗೂ ಇದನ್ನು ಮೊದಲ ದಿನವೇ ಹೇಳಿಬಿಡಿ.

63 ಜಾಗಗಳನ್ನು ವಿಂಗಡಿಸುವಾಗ ಯಾವ ಕಡೆಗೂ ಸೇರದ ಐದಾರು ಉಳಿಯುತ್ತವೆ. ಅವನ್ನು ಸುಮ್ನೆ ಒಂದು ಕಡೆಗೆ ತಳ್ಳಬೇಡಿ. ಅದರ ಆಚೀಚೆ ಹತ್ತು ಸಾಲಿನ ಸಮೇತ ನನಗೆ ಕಳಿಸಿ, ಜೊತೆಗೆ ಕೂತು ನೋಡೋಣ.